ನೆಲವೋ ನೀರೋ: ದೆಹಲಿಯ ಗಾಜಿನ ಮುಂದೆ

ಮದರಸಾದಲ್ಲಿ ಒಂದು ಕಥೆ ಕೇಳಿದ್ದೆ, ಹಗಲು ಶಾಲೆಯ ಕನ್ನಡ ಪಾಠದಲ್ಲಿ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ನೆಲದ ಕಥೆ. ನೀವೂ ಎರಡನ್ನೂ ಕೇಳಿರ್ತೀರಿ, ಬೇರೆ ಬೇರೆ ದಿನ, ಬೇರೆ ಬೇರೆ ಜನರ ಬಾಯಲ್ಲಿ.

ಮೊದಲನೆಯದು ಸಬಾ ನಾಡಿನ ರಾಣಿಯದು. ಪ್ರವಾದಿ ಸುಲೈಮಾನರ (ಅ) ಅರಮನೆಗೆ ಬಂದವಳು ನೆಲ ನೋಡಿ ನೀರಿನ ಕೊಳ ಅಂದುಕೊಂಡಳು. ಬಟ್ಟೆ ನೆನೆಯಬಾರದು ಅಂತ ಮೇಲೆತ್ತಿ ಹಿಡಿದಳು. ಅದು ನೀರಲ್ಲ, ಗಾಜಿನಿಂದ ನುಣುಪು ಮಾಡಿದ ಅರಮನೆ ಅಂತ ಸುಲೈಮಾನರು ತಿಳಿಸಿದರು. ಕುರ್‌ಆನಿನ ಅನ್ನಮ್ಲ್ ಅಧ್ಯಾಯದಲ್ಲಿ ಇಷ್ಟೇ ಇರೋದು. ರಾಣಿಯ ಹೆಸರೂ ಅಲ್ಲಿಲ್ಲ. ಬಿಲ್ಕೀಸ್ ಅನ್ನೋ ಹೆಸರನ್ನು ಪರಂಪರೆ ಕೊಟ್ಟಿತು.

ಎರಡನೆಯದು ಮಯಸಭೆ. ಖಾಂಡವ ವನ ಸುಡುವಾಗ ಜೀವ ಉಳಿಸಿಕೊಂಡ ಮಯ, ಆ ಋಣಕ್ಕೆ ಪಾಂಡವರಿಗೆ ಇಂದ್ರಪ್ರಸ್ಥದಲ್ಲಿ ಒಂದು ಸಭೆ ಕಟ್ಟಿಕೊಟ್ಟ. ಹದಿನಾಲ್ಕು ತಿಂಗಳ ಕೆಲಸ. ರಾಜಸೂಯಕ್ಕೆ ಬಂದ ದುರ್ಯೋಧನ ಸ್ಫಟಿಕದ ನೆಲ ನೋಡಿ ನೀರು ಅಂದುಕೊಂಡು ಬಟ್ಟೆ ಎತ್ತಿಕೊಂಡ. ಮುಂದೆ ನಿಜವಾದ ನೀರನ್ನು ಸ್ಫಟಿಕ ಅಂದುಕೊಂಡು ಬಟ್ಟೆ ಸಮೇತ ಬಿದ್ದ. ಮುಚ್ಚಿದ್ದನ್ನು ತೆರೆದ ಬಾಗಿಲು ಅಂತ ಭಾವಿಸಿ ತಲೆ ಬಡಿಸಿಕೊಂಡ. ಗದುಗಿನ ಭಾರತದ ವಾಚನ ಕೇಳಿದವರಿಗೆ, ಯಕ್ಷಗಾನದಲ್ಲಿ ಕೌರವನ ಎಡವಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆ ಎತ್ತುವ ಆ ಒಂದು ಚಲನೆ ಎರಡರಲ್ಲೂ ಒಂದೇ. ಆದರೆ ಒಬ್ಬಳು ಆ ನೆಲದ ಮೇಲೆ ನಿಂತೇ ಸತ್ಯವನ್ನು ಒಪ್ಪಿಕೊಂಡಳು, ಇನ್ನೊಬ್ಬ ಮನೆಗೆ ಹೋಗಿ ಜೂಜಿನ ಹಾಸು ಹಾಕಿಸಿದ. ಯಾಕೆ? ಗಾಜಿನಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ನಗುವಿನಲ್ಲಿ. ಸುಲೈಮಾನರ ಅರಮನೆಯಲ್ಲಿ ಯಾರೂ ನಗಲಿಲ್ಲ. ಇಂದ್ರಪ್ರಸ್ಥದಲ್ಲಿ ನಕ್ಕರು.

ಇಲ್ಲಿ ಒಂದು ಸೂಕ್ಷ್ಮ ಇದೆ, ವಿದ್ಯಾರ್ಥಿಗಳು ಗಮನಿಸಬೇಕು. ಸಂಸ್ಕೃತ ಭಾರತದ ಸಭಾಪರ್ವದಲ್ಲಿ ಘಟನೆ ನಡೆಯುವಾಗ ನಗೋರು ಭೀಮ, ಅವನ ತಮ್ಮಂದಿರು, ಆಳುಕಾಳುಗಳು. ದ್ರೌಪದಿ ನಕ್ಕಳು ಅನ್ನೋದು ಆಮೇಲೆ ಬರ್ತದೆ, ಅದೂ ದುರ್ಯೋಧನನ ಬಾಯಲ್ಲಿ, ಅಪ್ಪನ ಮುಂದೆ ದೂರು ಹೇಳುವಾಗ. ಕುರುಡನ ಮಗ ಅಂತ ಅವಳು ಹಂಗಿಸಿದಳು ಅನ್ನೋ ಟೀವಿ ಧಾರಾವಾಹಿಯ ಮಾತಂತೂ ಅಲ್ಲಿ ಇಲ್ಲವೇ ಇಲ್ಲ. ಅಂದರೆ ಬಿದ್ದವನ ನೆನಪಿನಲ್ಲಿ ನಗು ಬೆಳೀತಾ ಹೋಯ್ತು, ಕೊನೆಗೆ ಒಬ್ಬ ಹೆಣ್ಣಿನ ಮೇಲೆ ಬಂದು ನಿಂತಿತು. ಮುಂದೆ ಅದರ ದಂಡ ತೆತ್ತವಳೂ ಅವಳೇ.

ಬಿಲ್ಕೀಸಳನ್ನು ದಡ್ಡಿ ಅಂತ ತೋರಿಸೋದಕ್ಕೆ ಆ ನೆಲ ಇರಲಿಲ್ಲ. ಅದಕ್ಕೂ ಮುಂಚೆ ಅವಳದೇ ಸಿಂಹಾಸನವನ್ನು ರೂಪ ಬದಲಿಸಿ ಮುಂದಿಟ್ಟು ಇದು ನಿನ್ನದೇನಾ ಅಂತ ಕೇಳಿದಾಗ, ಹೌದು ಅಂತಲೂ ಅನ್ನದೆ ಅಲ್ಲ ಅಂತಲೂ ಅನ್ನದೆ, ಅದರಂತೆಯೇ ಇದೆ ಅನ್ನೋ ಅರ್ಥದ ಎಚ್ಚರದ ಉತ್ತರ ಕೊಟ್ಟವಳು ಅವಳು. ಸೂರ್ಯನಿಗೆ ತಲೆಬಾಗುವ ನಾಡಿನಿಂದ ಬಂದವಳು. ಹೊಳೆಯೋದೆಲ್ಲ ನಾವು ಅಂದುಕೊಂಡದ್ದೇ ಆಗಿರಬೇಕಿಲ್ಲ ಅನ್ನೋದನ್ನು ಅವಳಿಗೆ ಪಾದದ ಕೆಳಗಿನ ಗಾಜು ಹೇಳಿತು. ಉಪದೇಶದ ಭಾಷಣ ಬೇಕಾಗಲಿಲ್ಲ. ವಾಸ್ತುಶಿಲ್ಪ ಒಬ್ಬ ಮನುಷ್ಯನಿಗೆ ಇಷ್ಟು ಮರ್ಯಾದೆಯಿಂದ ಪಾಠ ಮಾಡಿದ ಇನ್ನೊಂದು ಕಥೆ ನನಗೆ ಸಿಕ್ಕಿಲ್ಲ.

ಹೀಗಾಗಿ ಗಾಜು, ಕನ್ನಡಿ, ಹೊಳೆಯುವ ಲೋಹ ಬಳಸಿದ ಕಟ್ಟಡವೋ ಶಿಲ್ಪವೋ ಎದುರಿಗೆ ಬಂದರೆ ನಾನು ಕೇಳೋದು ಒಂದೇ: ಇದರ ಮುಂದೆ ಕಣ್ಣು ಮೋಸಹೋದ ಮನುಷ್ಯನನ್ನು ಇದು ಏನು ಮಾಡುತ್ತದೆ? ಕಲಿಸುತ್ತದೋ, ನಗುತ್ತದೋ, ಇಲ್ಲ ಹೊರಗೆ ನಿಲ್ಲಿಸುತ್ತದೋ? ಈ ಪ್ರಶ್ನೆ ಇಟ್ಟುಕೊಂಡು ದೆಹಲಿ ಸುತ್ತೋದು ಸರಿ, ಯಾಕಂದರೆ ಮಯಸಭೆಯ ಊರು ಅದೇ ಅಂತ ಜನ ನಂಬಿದ್ದಾರೆ. ಪುರಾನಾ ಕಿಲಾದ ಗೋಡೆಗಳೊಳಗೆ 20ನೇ ಶತಮಾನದ ಆರಂಭದವರೆಗೂ ಇಂದರಪತ್ ಅನ್ನೋ ಹಳ್ಳಿ ಇತ್ತು. ಬಿ.ಬಿ. ಲಾಲ್ ಅವರು 1950ರ ದಶಕದಲ್ಲಿ, ಆಮೇಲೆ 1969ರಿಂದ 1973ರವರೆಗೆ ಅಲ್ಲಿ ಅಗೆದರು. ಬೂದುಬಣ್ಣದ ಚಿತ್ರಿತ ಮಡಕೆ ಚೂರುಗಳು ಸಿಕ್ಕವು. ಸ್ಫಟಿಕದ ಸಭೆ ಸಿಗಲಿಲ್ಲ. ಇವತ್ತು ಅಲ್ಲಿ ನಿಂತಿರೋದು ಶೇರ್ ಶಾಹ ಕಟ್ಟಿಸಿದ ಮಸೀದಿ, ಹುಮಾಯೂನ್ ಮೆಟ್ಟಿಲಿಂದ ಜಾರಿಬಿದ್ದ ಶೇರ್ ಮಂಡಲ. ಆ ನೆಲದಲ್ಲಿ ದೊಡ್ಡವರು ಜಾರೋದು ಹೊಸದಲ್ಲ ಅನ್ನಿ.

ಗಾಜಿನ ಕಥೆ ನಿಜವಾಗಿ ಶುರುವಾಗೋದು ಕೆಂಪುಕೋಟೆಯಲ್ಲಿ.

1639ರಿಂದ 1648ರವರೆಗೆ ಕಟ್ಟಿದ ಈ ಕೋಟೆಯಲ್ಲಿ ಶಾಹಜಹಾನ್ ತನ್ನನ್ನು ಸುಲೈಮಾನರಿಗೆ ಹೋಲಿಸಿಕೊಂಡಿದ್ದ ಅನ್ನೋದಕ್ಕೆ ಗೋಡೆಯಲ್ಲೇ ಸಾಕ್ಷಿ ಇದೆ. ದೀವಾನ್-ಎ-ಆಮ್‌ನಲ್ಲಿ ಸಿಂಹಾಸನದ ಹಿಂದಿನ ಗೋಡೆ ತುಂಬ ಕಲ್ಲಿನೊಳಗೆ ಕಲ್ಲು ಕೂರಿಸಿದ ಹಕ್ಕಿ, ಹೂವು. ಮೇಲ್ಗಡೆ ಒಂದು ಪುಟ್ಟ ಫಲಕದಲ್ಲಿ ಯುರೋಪಿನ ಆರ್ಫಿಯಸ್ ಕೂತು ವಾದ್ಯ ನುಡಿಸ್ತಾನೆ, ಪ್ರಾಣಿಗಳು ಸುತ್ತ ಕೂತು ಕೇಳ್ತವೆ. ಮೃಗಪಕ್ಷಿಗಳೆಲ್ಲ ಒಬ್ಬ ದೊರೆಯ ಮಾತು ಕೇಳೋದು ಸುಲೈಮಾನರ ಆಳ್ವಿಕೆಯ ಗುರುತು, ಅದಕ್ಕೇ ಈ ಫಲಕವನ್ನು ಅಲ್ಲಿಟ್ಟರು ಅಂತ ಕಲಾ ಇತಿಹಾಸಕಾರ್ತಿ ಎಬ್ಬಾ ಕೋಖ್ 1988ರಲ್ಲಿ ಒಂದು ಪುಸ್ತಕವನ್ನೇ ಬರೆದರು. 1857ರ ನಂತರ ಆ ಫಲಕ ಲಂಡನ್ ಸೇರಿತ್ತು. ಕರ್ಜನ್ ಕಾಲದಲ್ಲಿ ವಾಪಸ್ ಬಂತು. ಮೊಘಲರ ಕಲೆಯಲ್ಲಿ ಮನುಷ್ಯನ ಆಕೃತಿಯೇ ಇಲ್ಲ ಅನ್ನೋರಿಗೆ ಇದನ್ನು ತೋರಿಸಿ. ಈ ಮಾತಿಗೆ ಮತ್ತೆ ಬರ್ತೀನಿ.

ದೊರೆ ತನ್ನನ್ನು ಸುಲೈಮಾನರಿಗೆ ಹೋಲಿಸಿಕೊಂಡ ಮೇಲೆ ನೆಲ ಏನಾಗಬೇಕು? ಹೊಳೀಬೇಕು. ಯಮುನೆಯ ಕಡೆಗೆ ಸಾಲಾಗಿ ನಿಂತ ಅಮೃತಶಿಲೆಯ ಮಂಟಪಗಳ ನಟ್ಟನಡುವೆ ಒಂದು ಕಾಲುವೆ ಹರೀತಿತ್ತು. ಹೆಸರು ನಹರ್-ಎ-ಬಿಹಿಶ್ತ್, ಸ್ವರ್ಗದ ಕಾಲುವೆ. ಹಮ್ಮಾಮ್, ದೀವಾನ್-ಎ-ಖಾಸ್, ಖಾಸ್ ಮಹಲ್, ರಂಗ್ ಮಹಲ್ ಎಲ್ಲದರ ಒಳಗೂ ಹಾದುಹೋಗುವ ನೀರು. ರಂಗ್ ಮಹಲಿನಲ್ಲಿ ಅದು ಕಮಲದ ಆಕಾರದ ಅಮೃತಶಿಲೆಯ ಬೋಗುಣಿಯೊಳಗೆ ಇಳೀತಿತ್ತು. ಬೋಗುಣಿಯ ದಳಗಳ ಮೇಲೆ ತೆಳುವಾಗಿ ನೀರು ಹರಿದಾಗ ಕಲ್ಲು ಎಲ್ಲಿ ಮುಗೀತದೆ, ನೀರು ಎಲ್ಲಿ ಶುರುವಾಗ್ತದೆ ಅಂತ ಹೇಳೋದು ಕಷ್ಟ. ಇವತ್ತು ಕಾಲುವೆ ಒಣಗಿದೆ, ನೀವು ಕಲ್ಪಿಸಿಕೊಂಡೇ ನೋಡಬೇಕು. ಹಯಾತ್ ಬಖ್ಶ್ ತೋಟದ ಸಾವನ್, ಭಾದೋನ್ ಮಂಟಪಗಳಲ್ಲಿ ಸುರಿಯುವ ನೀರಿನ ತೆರೆಯ ಹಿಂದೆ ಸಾಲುಸಾಲು ಸಣ್ಣ ಗೂಡುಗಳಿವೆ. ಹಗಲಲ್ಲಿ ಅಲ್ಲಿ ಹೂದಾನಿ, ರಾತ್ರಿ ದೀಪ. ನೀರೇ ಗಾಜಾಗೋದು. ಸಾವನ್ ಅಂದರೆ ಶ್ರಾವಣ, ಭಾದೋನ್ ಅಂದರೆ ಭಾದ್ರಪದ. ಮಳೆಗಾಲದ ಎರಡು ತಿಂಗಳನ್ನು ಉರಿಬೇಸಿಗೆಯ ಊರಲ್ಲಿ ಎರಡು ಕಲ್ಲುಮಂಟಪದಲ್ಲಿ ಹಿಡಿದಿಟ್ಟರು. ಇದೂ ಭ್ರಮೆಯೇ. ಆದರೆ ಇಲ್ಲಿ ಯಾರೂ ಮೋಸಹೋಗೋದಿಲ್ಲ. ದೀಪ ದೀಪವೇ ಅಂತ, ಮಳೆ ಮಳೆಯಲ್ಲ ಅಂತ ನೋಡೋನಿಗೂ ಗೊತ್ತು, ಕಟ್ಟಿಸಿದವನಿಗೂ ಗೊತ್ತು. ಗೊತ್ತಿದ್ದೂ ಖುಷಿಪಡೋದು.

ರಂಗ್ ಮಹಲಿನ ತುದಿಯ ಕೋಣೆಗಳಿಗೆ ಶೀಶ್ ಮಹಲ್ ಅಂತ ಹೆಸರು. ಚಾವಣಿಯಲ್ಲಿ ಕನ್ನಡಿಯ ಸಣ್ಣ ಸಣ್ಣ ಚೂರುಗಳು. ಒಂದು ಬೆಂಕಿಕಡ್ಡಿ ಗೀರಿದರೆ ಸಾಕು, ಮೇಲೆ ನೂರು ಚುಕ್ಕಿ. (ಈಗ ಅಲ್ಲಿ ಕಡ್ಡಿ ಗೀರೋದಕ್ಕೆ ಹೋಗಬೇಡಿ, ಕಾವಲಿನವರು ಹೊರಗೆ ಹಾಕ್ತಾರೆ.) ಆಗ್ರಾ, ಲಾಹೋರ್, ಜೈಪುರದ ಆಮೇರ್ ಕೋಟೆಗಳ ಶೀಶ್ ಮಹಲ್‌ಗಳು ಇದಕ್ಕಿಂತ ಚೆನ್ನಾಗಿ ಉಳಿದಿವೆ, ನಿಜ. 1857ರ ನಂತರ ಬ್ರಿಟಿಷರು ಈ ಕೋಟೆಯೊಳಗಿನ ಬಹುಪಾಲು ಕಟ್ಟಡಗಳನ್ನು ಕೆಡವಿ ಬ್ಯಾರಕ್ ಕಟ್ಟಿದರು, ಉಳಿದದ್ದೇ ಇಷ್ಟು.

ಪ್ರವಾಸದ ಗೈಡುಗಳು ಇಲ್ಲಿ ಒಂದು ಮಾತು ಹೇಳ್ತಾರೆ, ನಮ್ಮವರೂ ಅದನ್ನೇ ಹೇಳ್ತಾರೆ: ಇಸ್ಲಾಮಿನಲ್ಲಿ ಮೂರ್ತಿ ಇಲ್ಲ, ಅದಕ್ಕೇ ಕನ್ನಡಿ ಹಾಕಿದರು, ಕೊರತೆ ತುಂಬಿಕೊಳ್ಳೋದಕ್ಕೆ. ಕೇಳೋದಕ್ಕೆ ನೆಟ್ಟಗಿದೆ, ಆದರೆ ಒಪ್ಪೋದಕ್ಕೆ ಆಗೋದಿಲ್ಲ. ಅದೇ ಕೋಟೆಯ ಸಿಂಹಾಸನದ ಹಿಂದೆ ಮನುಷ್ಯಾಕೃತಿ ಕೂತಿದೆ ಅಂತ ಆಗಲೇ ನೋಡಿದಿರಿ. ಕನ್ನಡಿ ಯಾವ ಕೊರತೆಯನ್ನೂ ತುಂಬ್ತಾ ಇಲ್ಲ, ಅದು ತನ್ನದೇ ಆದ ಒಂದು ಕೆಲಸ ಮಾಡ್ತಾ ಇದೆ. ಏನು ಅಂತ ತಿಳೀಬೇಕಾದರೆ ಆ ಚೂರುಗಳ ಗಾತ್ರ ನೋಡಿ.

ಈ ಬಗೆಯ ಕನ್ನಡಿ ಚೂರು ಮಾಡೋ ಹಳೆಯ ಕ್ರಮ ಹೀಗೆ: ಗಾಜನ್ನು ಕರಗಿಸಿ ಊದಿ ದೊಡ್ಡ ಬುರುಡೆ ಮಾಡ್ತಾರೆ, ಅದರೊಳಗೆ ಕರಗಿದ ಲೋಹ ಸುತ್ತಾಡಿಸಿ ತೆಳುವಾಗಿ ಹಿಡಿಸ್ತಾರೆ, ಆಮೇಲೆ ಬುರುಡೆ ಒಡೆದು ಚೂರು ಕತ್ತರಿಸ್ತಾರೆ. ದುಂಡಗಿನ ಬುರುಡೆಯ ಚೂರಾದ್ದರಿಂದ ಪ್ರತಿಯೊಂದಕ್ಕೂ ಸ್ವಲ್ಪ ಉಬ್ಬು ಇರ್ತದೆ. ಗುಜರಾತಿನ ಕಪಡ್‌ವಂಜ್‌ನಲ್ಲಿ ಬಟ್ಟೆಗೆ ಹೊಲಿಯುವ ಕನ್ನಡಿಯನ್ನು ಈಗಲೂ ಈ ಕ್ರಮದಲ್ಲಿ ಮಾಡ್ತಾರೆ. ನಮ್ಮ ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯಲ್ಲಿರುವ ಕನ್ನಡಿಬಿಲ್ಲೆ ನೆನಪಿಸಿಕೊಳ್ಳಿ, ದೊರೆಯ ಚಾವಣಿಗೂ ಅದಕ್ಕೂ ಬಳಗ ಒಂದೇ. ಹತ್ತನೇ ತರಗತಿಯ ಮಕ್ಕಳಿಗೆ ಪೀನ ದರ್ಪಣ ಗೊತ್ತು: ಉಬ್ಬಿದ ಕನ್ನಡಿ ಎದುರಿಗಿರೋದನ್ನು ಸಣ್ಣದು ಮಾಡಿ ತೋರಿಸ್ತದೆ. ಉಗುರಿನಷ್ಟು ಉಬ್ಬುಚೂರಿನಲ್ಲಿ, ಅದೂ ತಲೆಯಿಂದ ಅಷ್ಟು ಎತ್ತರದಲ್ಲಿ, ನಿಮ್ಮ ಮುಖ ಕಾಣೋದು ಸಾಧ್ಯವೇ ಇಲ್ಲ. ಕಾಣೋದು ಬೆಳಕಿನ ಒಂದು ಚುಕ್ಕಿ. ಪಕ್ಕದ ಚೂರು ಬೇರೆ ಕೋನದಲ್ಲಿ ಕೂತಿದೆ, ಅದರಲ್ಲಿ ಇನ್ನೊಂದು ಚುಕ್ಕಿ. ನೀವು ಒಂದು ಹೆಜ್ಜೆ ಸರಿದರೆ ಚುಕ್ಕಿಗಳೆಲ್ಲ ಜಾಗ ಬದಲಿಸ್ತವೆ.

ಅಂದರೆ ಶೀಶ್ ಮಹಲ್ ಕನ್ನಡಿಗಳಿಂದಲೇ ಮಾಡಿದ್ದಾದರೂ ಮುಖ ನೋಡಿಕೊಳ್ಳೋದಕ್ಕೆ ಬಾರದ ಜಾಗ. ದೊರೆಗೂ ಅಲ್ಲಿ ತನ್ನ ಮುಖ ಸಿಗೋದಿಲ್ಲ, ದೀಪ ಹಚ್ಚುವ ದಾಸಿಗೂ ಸಿಗೋದಿಲ್ಲ. ಇಬ್ಬರಿಗೂ ಸಿಗೋದು ಒಂದೇ ದೀಪದ ನೂರು ಮರಿಗಳು. ಉರ್ದು ಕಾವ್ಯ ಓದಿದವರಿಗೆ ಆಯಿನಾ ಅಂದರೆ ಹೃದಯ, ತಿಕ್ಕಿ ತಿಕ್ಕಿ ತುಕ್ಕು ತೆಗೆಯಬೇಕಾದ ವಸ್ತು. ಆ ಅರ್ಥದ ಹತ್ತಿರಕ್ಕೆ ಈ ಚಾವಣಿ ಬರ್ತದೆ, ಆದರೆ ಸೂಫಿ ಮಾತನ್ನೆಲ್ಲ ತಂದು ಬಾದಶಾಹನ ಮನೆಯ ಚಾವಣಿಗೆ ಅಂಟಿಸೋದು ನನಗೆ ಇಷ್ಟವಿಲ್ಲ. ಅದು ಭೋಗದ ಕೋಣೆಯೇ. ಭೋಗದ ಕೋಣೆಯಲ್ಲೂ ಮುಖಸ್ತುತಿ ಮಾಡದ ಕನ್ನಡಿ ಇಟ್ಟರಲ್ಲ, ಅಷ್ಟು ಸಾಕು. 2025ರ ದೆಹಲಿ ವಿಧಾನಸಭಾ ಚುನಾವಣೆಯಲ್ಲಿ ಮುಖ್ಯಮಂತ್ರಿ ಬಂಗಲೆಗೆ ಶೀಶ್ ಮಹಲ್ ಅಂತ ಹೆಸರಿಟ್ಟು ಬೈಯೋದು ನಡೀತು. ಒಳ್ಳೆಯ ಪದವೊಂದು ಬೈಗುಳವಾಗಿ ಸವೆದುಹೋದದ್ದು ನನಗೆ ಬೇಜಾರು.

ಬೀದರಿನ ರಂಗೀನ್ ಮಹಲ್ ನೋಡದೆ ದೆಹಲಿಗೆ ಓಡೋರಿಗೆ ಒಂದು ಮಾತು. ಅಲ್ಲಿ ಬರೀದ್ ಶಾಹಿಗಳು ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಶಾಹಜಹಾನನಿಗಿಂತ ಹತ್ತಿರ ಹತ್ತಿರ ನೂರು ವರ್ಷ ಮುಂಚೆ. ಗಾಜು ಬೆಳಕನ್ನು ಎಸೀತದೆ, ಚಿಪ್ಪು ಬೆಳಕನ್ನು ತಡೆದು ತಡೆದು ಬಿಡ್ತದೆ. ಬಿದ್ರಿ ಕೆಲಸದ ಕಪ್ಪಿನ ಮೇಲಿನ ಬೆಳ್ಳಿಗೆರೆಯಲ್ಲೂ ಇದೇ ಗುಣ. ದಖನಿನ ಕಣ್ಣಿಗೆ ಕತ್ತಲೂ ಬೇಕು.

ಬೇಲೂರಿನ ದರ್ಪಣ ಸುಂದರಿಯನ್ನೂ ಇಲ್ಲೇ ನೆನೆಯೋಣ. 1117ರ ದೇವಾಲಯದ ಮದನಿಕೆ, ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾಳೆ. ಆ ಕನ್ನಡಿಯೂ ಕಲ್ಲೇ. ಅದರಲ್ಲಿ ನಮಗೆ ಏನೂ ಕಾಣೋದಿಲ್ಲ. ಅವಳಿಗೆ ಕಾಣ್ತಿದೆ ಅಂತ ಅವಳ ಕತ್ತಿನ ಓಲು ನೋಡಿ ನಾವು ನಂಬ್ತೀವಿ. ಕನ್ನಡಿಯನ್ನು ಶಿಲ್ಪದಲ್ಲಿ ತರೋದಕ್ಕೆ ಹೊಳಪೇ ಬೇಕಾಗಿಲ್ಲ ಅಂತ ಆ ರೂವಾರಿಗೆ ಗೊತ್ತಿತ್ತು. ಅಲ್ಲಿ ಕನ್ನಡಿ ಇರೋದು ಅವಳಿಗಾಗಿ, ನೋಡೋಕೆ ಬಂದ ನಮಗಾಗಿ ಅಲ್ಲ.

ಈಗಿನ ಶಿಲ್ಪಿಗಳಲ್ಲಿ ಇದು ತಲೆಕೆಳಗಾಗಿದೆ. ಕನ್ನಡಿ ಇರೋದೇ ನಮಗಾಗಿ.

ಇಂಡಿಯಾ ಗೇಟಿನ ಹತ್ತಿರ ಜೈಪುರ ಹೌಸ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, 1954ರಿಂದ. ಅನೀಶ್ ಕಪೂರ್ ಅವರ ಭಾರತದ ಮೊದಲ ಪ್ರದರ್ಶನ 2010ರ ಕೊನೆಯಲ್ಲಿ ಇಲ್ಲಿ ಮತ್ತು ಮುಂಬಯಿಯ ಮೆಹಬೂಬ್ ಸ್ಟುಡಿಯೋದಲ್ಲಿ ನಡೆಯಿತು. 1954ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಕಪೂರ್, ಸ್ಟೀಲನ್ನು ಕನ್ನಡಿಯಾಗೋವರೆಗೆ ಉಜ್ಜಿಸುವ ಶಿಲ್ಪಿ. ಅವರ ಒಳಬಾಗಿದ ದೊಡ್ಡ ತಟ್ಟೆಗಳ ಮುಂದೆ ದೂರದಲ್ಲಿ ನಿಂತರೆ ನೀವು ತಲೆಕೆಳಗಾಗಿ ಕಾಣ್ತೀರಿ. ಹತ್ತಿರ ಹೋಗ್ತಾ ಹೋಗ್ತಾ ಒಂದು ಜಾಗದಲ್ಲಿ ಆಕಾರ ಕಲಸಿಹೋಗ್ತದೆ, ಇನ್ನೂ ಹತ್ತಿರ ಹೋದರೆ ನೆಟ್ಟಗೆ, ದೊಡ್ಡದಾಗಿ ಕಾಣ್ತೀರಿ. ನಿಮ್ನ ದರ್ಪಣದ ಪಾಠ, ಅಷ್ಟೇ. ಮನೆಯ ಸ್ಟೀಲ್ ಚಮಚದಲ್ಲೇ ನೋಡಬಹುದು. ಆದರೆ ನಿಮ್ಮ ಎತ್ತರಕ್ಕಿಂತ ದೊಡ್ಡ ಚಮಚದ ಮುಂದೆ ನಿಂತಾಗ ಪಾಠ ಮರೆತುಹೋಗ್ತದೆ, ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ ಆಗ್ತದೆ. ಅದು ಅವರ ಶಕ್ತಿ, ಅಲ್ಲಗಳೆಯೋದಿಲ್ಲ.

ಇದನ್ನು ಮೆಚ್ಚೋರು ರೂಮಿಯ ಮಸ್ನವಿಯ ಕಥೆ ತರಬಹುದು. ಚೀನಾದ ಚಿತ್ರಗಾರರಿಗೂ ರೂಮ್ ದೇಶದವರಿಗೂ ಪಂದ್ಯ; ಒಂದು ಪಂಗಡ ಗೋಡೆ ತುಂಬ ಬಣ್ಣ ಬಳಿಯಿತು, ಇನ್ನೊಂದು ಎದುರುಗೋಡೆಯನ್ನು ಬರೀ ಉಜ್ಜಿತು. ನಡುವಿನ ಪರದೆ ಸರಿಸಿದಾಗ ಬಣ್ಣದ ಗೋಡೆಯ ಚಿತ್ರ ಉಜ್ಜಿದ ಗೋಡೆಯಲ್ಲಿ ಇನ್ನೂ ಚೆಂದವಾಗಿ ಬಿತ್ತು. ಇಮಾಮ್ ಗಝಾಲಿ ಇದೇ ಕಥೆಯನ್ನು ಮುಂಚೆಯೇ ಹೇಳಿದ್ದರು, ಆದರೆ ಅಲ್ಲಿ ಉಜ್ಜಿದವರು ಚೀನಾದವರು. ಯಾರು ಉಜ್ಜಿದರು ಅನ್ನೋದು ಹೇಳೋರ ಮೇಲೆ ಬದಲಾಗ್ತದೆ, ಉಜ್ಜಿದವರು ಗೆಲ್ಲೋದು ಮಾತ್ರ ಬದಲಾಗೋದಿಲ್ಲ.

ಕಪೂರ್ ಅವರ ಕನ್ನಡಿಗೂ ಈ ಗೋಡೆಗೂ ಒಂದು ಅಂತರ ಇದೆ ಅಂತ ನನ್ನ ವಾದ. ಮಸ್ನವಿಯ ಗೋಡೆಯಲ್ಲಿ ಕಂಡದ್ದು ಎದುರಿನವರ ಕೆಲಸ, ಬೇರೆಯವರ ಚಿತ್ರ. ಕಪೂರ್ ಅವರ ಕನ್ನಡಿಯಲ್ಲಿ ಜನ ನೋಡೋದು ತಮ್ಮನ್ನೇ. ಶಿಕಾಗೋ ನಗರದಲ್ಲಿ 2006ರಲ್ಲಿ ಮುಗಿದ ಅವರ ಪ್ರಸಿದ್ಧ ಕ್ಲೌಡ್ ಗೇಟ್ ಶಿಲ್ಪವನ್ನು 168 ಸ್ಟೀಲ್ ಹಾಳೆಗಳನ್ನು ಬೆಸೆದು ಮಾಡಿದ್ದಾರೆ, ತೂಕ ಸುಮಾರು 100 ಟನ್. ಒಂದು ಬೆಸುಗೆಯ ಗೆರೆಯೂ ಕಾಣದ ಹಾಗೆ ಉಜ್ಜಿದ್ದಾರೆ. ಬೆಸೆದ ಕೈಗಳು, ಉಜ್ಜಿದ ಕೈಗಳು ಎಲ್ಲ ಅಳಿಸಿಹೋಗಿ ವಸ್ತು ಆಕಾಶದಿಂದ ಉದುರಿದ ಹಾಗೆ ಕಾಣಬೇಕು, ಅದೇ ಅದರ ಆಸೆ. ಶೀಶ್ ಮಹಲಿನಲ್ಲಿ ಚೂರು ಚೂರಿನ ಅಂಚೂ ಕಾಣ್ತದೆ. ಇದನ್ನು ಯಾರೋ ಕೂತು ಒಂದೊಂದಾಗಿ ಅಂಟಿಸಿದ್ದಾರೆ ಅಂತ ಕಣ್ಣಿಗೆ ಗೊತ್ತಾಗ್ತದೆ. ಇಲ್ಲಿ ಗೊತ್ತಾಗೋದಿಲ್ಲ. ಈ ಕನ್ನಡಿ ಬಿಲ್ಕೀಸಳಿಗೆ ಕಲಿಸಿದ ನೆಲವೂ ಅಲ್ಲ, ದುರ್ಯೋಧನನನ್ನು ನಕ್ಕ ನೆಲವೂ ಅಲ್ಲ. ಮೋಸಹೋದವರು ತಾವೇ ನಗ್ತಾ ಫೋಟೋ ತೆಗೆದುಕೊಂಡು ಹೋಗ್ತಾರೆ. ಸೌಮ್ಯವಾದ ಭ್ರಮೆ. ಆದರೆ ಹೊರಗೆ ಬಂದ ಮೇಲೆ ಅವರ ಕೈಯಲ್ಲಿ ಉಳಿಯೋದು ತಮ್ಮದೇ ಫೋಟೋ.

ಅದೇ ಗ್ಯಾಲರಿಯ ಹುಲ್ಲುಹಾಸಿನ ಮೇಲೆ ಸುಬೋಧ್ ಗುಪ್ತಾ ಅವರ ಸ್ಟೀಲ್ ಆಲದ ಮರ ಇದೆ, 2014ರ ಅವರ ಪ್ರದರ್ಶನದ ಕಾಲದ್ದು. ಹೆಸರು ದಾದಾ, ಅಂದರೆ ಅಜ್ಜ. ಕಾಂಡ, ಬಿಳಲು, ಕೊಂಬೆ ಎಲ್ಲ ಸ್ಟೀಲ್. ಎಲೆಗೆ ಬದಲು ಪಾತ್ರೆಪಗಡಿ. ಬಕೆಟ್ಟು, ತಟ್ಟೆ, ಲೋಟ, ಡಬ್ಬಿ ಗೊಂಚಲು ಗೊಂಚಲಾಗಿ ತೂಗ್ತವೆ. ಗುಪ್ತಾ ಬಿಹಾರದ ಖಗೌಲ್‌ನವರು, ಈಗ ಗುರುಗ್ರಾಮದಲ್ಲಿ ಕೆಲಸ ಮಾಡೋರು. ಅವರ ಪಾತ್ರೆ ಶಿಲ್ಪಗಳನ್ನು ಬೈಯೋರೂ ಇದ್ದಾರೆ: ವಿದೇಶದವರಿಗೆ ಭಾರತವನ್ನು ಪಳಪಳ ಮಾಡಿ ಮಾರ್ತಾರೆ ಅಂತ. ಆ ಟೀಕೆಯಲ್ಲಿ ಸತ್ಯ ಇಲ್ಲದೆ ಇಲ್ಲ. 2008ರ ಲೈನ್ ಆಫ್ ಕಂಟ್ರೋಲ್ ಶಿಲ್ಪದಲ್ಲಿ ಅವರು ಇದೇ ಪಾತ್ರೆಗಳನ್ನು ಅಣುಬಾಂಬಿನ ಅಣಬೆ ಮೋಡದ ಆಕಾರಕ್ಕೆ ಪೇರಿಸಿದ್ದಾರೆ. ಅದು ದೆಹಲಿಯ ಕಿರಣ್ ನಾಡಾರ್ ಕಲಾ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಬಾಂಬು ಅಡುಗೆಮನೆಗೆ ಬಂತು ಅನ್ನೋ ಅರ್ಥ ಒಂದೇ ನೋಟಕ್ಕೆ ಸಿಕ್ಕಿಬಿಡ್ತದೆ, ಎರಡನೇ ನೋಟಕ್ಕೆ ಏನೂ ಉಳಿಯೋದಿಲ್ಲ. ನನಗೆ ಅದು ಅಷ್ಟು ಹಿಡಿಸೋದಿಲ್ಲ.

ಆದರೆ ಆ ಮರ ಹಿಡಿಸ್ತದೆ. ಅದರ ಪ್ರತಿ ಪಾತ್ರೆಯೂ ಒಂದು ಕನ್ನಡಿ. ದೊಡ್ಡ ಕನ್ನಡಿಯಲ್ಲ, ಲೋಟದ ಉಬ್ಬಿನಲ್ಲಿ ನೀವು ಹಲ್ಲಿಯಷ್ಟು ಸಣ್ಣಗೆ, ಪಕ್ಕದ ತಟ್ಟೆಯಲ್ಲಿ ಆಕಾಶ, ಕೆಳಗಿನ ಬಕೆಟ್ಟಿನಲ್ಲಿ ಹುಲ್ಲು. ಶೀಶ್ ಮಹಲಿನ ಚಾವಣಿ ಇಳಿದುಬಂದು ಅಡುಗೆಮನೆ ಸೇರಿದ ಹಾಗೆ. ನಮ್ಮಲ್ಲಿ ಮದುವೆಗೆ ಕೊಡೋ ಪಾತ್ರೆಯ ಮೇಲೆ ಹೆಸರು ಕೆತ್ತಿಸ್ತಾರಲ್ಲ, ಆ ಪಾತ್ರೆ. ಅಮ್ಮಂದಿರು ಬೂದಿ ಹಾಕಿ ಉಜ್ಜಿ ಬೋರಲು ಹಾಕ್ತಿದ್ದ ಪಾತ್ರೆ. ಉಜ್ಜಿದವರು ಗೆಲ್ಲುವ ಪಂದ್ಯ ಎಲ್ಲಾದರೂ ಇದ್ದರೆ ಅದು ಇಲ್ಲಿದೆ.

ಇನ್ನು ಗುರುಗ್ರಾಮದ ಗಾಜು. ಇಲ್ಲಿಗೆ ಬಂದಾಗ ನನ್ನ ದನಿ ಗಡುಸಾದರೆ ಕ್ಷಮಿಸಿ.

ಸೈಬರ್ ಸಿಟಿಯ ಕಡೆ ಹೋದರೆ ಕಟ್ಟಡಗಳಿಗೆ ಗೋಡೆಯೇ ಇಲ್ಲ, ನೆಲದಿಂದ ತುದಿವರೆಗೆ ಗಾಜು. ಮಧ್ಯಾಹ್ನ ನೋಡಿದರೆ ಪ್ರತಿ ಕಟ್ಟಡದಲ್ಲೂ ಎದುರಿನ ಕಟ್ಟಡ, ಅದರೊಳಗೆ ಮತ್ತೆ ಇದು. ಕೋಟಿಗಟ್ಟಲೆ ಸುರಿದು ಕಟ್ಟಿದ ಕಟ್ಟಡಕ್ಕೆ ತನ್ನದೊಂದು ಮುಖ ಇಲ್ಲ. ಕನ್ನಡಿಯೊಳಗಿನ ಗಂಟು ಅಂತೀವಲ್ಲ, ಕಣ್ಣಿಗೆ ಕಾಣ್ತದೆ ಕೈಗೆ ಸಿಗೋದಿಲ್ಲ, ಆ ಗಾದೆಮಾತು ಇಲ್ಲಿ ಹತ್ತಾರು ಮಹಡಿ ಎತ್ತರಕ್ಕೆ ನಿಂತಿದೆ.

ಗಾಜು ಅಂದರೆ ಪಾರದರ್ಶಕ ಅಂತ ನಾವು ಮಕ್ಕಳಿಗೆ ಕಲಿಸ್ತೀವಿ. ಅರ್ಧ ಮಾತ್ರ ನಿಜ. ಸಾದಾ ಗಾಜು ಕೂಡ ನೆಟ್ಟಗೆ ಬಿದ್ದ ಬೆಳಕಿನಲ್ಲಿ ಶೇಕಡಾ 8ರಷ್ಟನ್ನು ಹಿಂದಕ್ಕೆ ಕಳಿಸ್ತದೆ. ಮೇಲೆ ಲೋಹದ ಲೇಪ ಹಚ್ಚಿದರೆ ಇನ್ನೂ ಹೆಚ್ಚು. ಗಾಜು ಕಿಟಕಿಯಾಗ್ತದೋ ಕನ್ನಡಿಯಾಗ್ತದೋ ಅನ್ನೋದನ್ನು ತೀರ್ಮಾನಿಸೋದು ಯಾವ ಕಡೆ ಬೆಳಕು ಜಾಸ್ತಿ ಇದೆ ಅನ್ನೋದು. ನೇರ ಬಿಸಿಲಿನಲ್ಲಿ ಹೊರಗೆ 1 ಲಕ್ಷ ಲಕ್ಸ್‌ವರೆಗೆ ಬೆಳಕಿದ್ದರೆ ಆಫೀಸಿನ ಒಳಗೆ ಇರೋದು 300ರಿಂದ 500 ಲಕ್ಸ್. ಹೀಗಾಗಿ ಹಗಲಲ್ಲಿ ಒಳಗಿರೋನಿಗೆ ಹೊರಗಿನೋನು ಕಾಣ್ತಾನೆ, ಹೊರಗಿರೋನಿಗೆ ತಾನೇ ಕಾಣ್ತಾನೆ. ನೋಟ ಒಂದೇ ದಿಕ್ಕಿಗೆ ಹರೀತದೆ. ಮೊಘಲರ ಜಾಲಿಯೂ ಹೀಗೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಜಾಲಿಯ ಹಿಂದಿದ್ದೋರಿಗೆ ಹೊರಗಿನವರು ಕಾಣ್ತಿದ್ದರು, ಹೊರಗಿನವರಿಗೆ ಒಳಗಿನವರು ಕಾಣ್ತಿರಲಿಲ್ಲ. ಆದರೆ ಜಾಲಿ ನಿಮ್ಮನ್ನು ನಿಮಗೇ ತೋರಿಸಿ ಕಳಿಸೋದಿಲ್ಲ. ಗಾಳಿ ಬಿಡ್ತದೆ, ದನಿ ಬಿಡ್ತದೆ, ಬಿಸಿಲನ್ನು ತುಂಡು ಮಾಡಿ ನೆಲಕ್ಕೆ ಹಾಸ್ತದೆ. ಗುರುಗ್ರಾಮದ ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಂಡು ಗಾಳಿಯನ್ನು ಹೊರಗೆ ಇಡ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರಲ್ಲಿ ಇದಕ್ಕೆ ಹಗಲೂರಾತ್ರಿ ಏಸಿ ಓಡಬೇಕು, ಏಸಿಯ ಬಿಸಿ ಉಸಿರು ಬೀದಿಗೆ ಬರಬೇಕು. ಒಣಗಿದ ನಹರ್-ಎ-ಬಿಹಿಶ್ತ್ ಇರುವ ಊರಿನ ಮಗ್ಗುಲಲ್ಲೇ ಇದನ್ನು ಪ್ರಗತಿ ಅಂತ ಕಟ್ಟಿದ್ದಾರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಒಂದು ಕಟ್ಟಡದಲ್ಲಿ ಎಲೆಕ್ಟ್ರಿಷಿಯನ್. ಕಳೆದ ವರ್ಷ ಅವನ ತಾಯಿ ಊರಿಂದ ಹೋಗಿದ್ದಾಗ ಮಗ ಕೆಲಸ ಮಾಡೋ ಜಾಗ ನೋಡಬೇಕು ಅಂತ ಹೋದರಂತೆ. ಗೇಟಿನವರು ಹೆಸರು ಕೇಳಿದರು, ಬುರ್ಖಾ ನೋಡಿದರು, ಪಕ್ಕಕ್ಕೆ ನಿಂತಿರಿ ಅಂದರು. ಮಗ ಕೆಳಗಿಳಿದು ಬರೋವರೆಗೆ ಮುಕ್ಕಾಲು ಗಂಟೆ ಆ ಗಾಜಿನ ಮುಂದೆ ನಿಂತಿದ್ದರು. ನನಗೆ ಫೋನಿನಲ್ಲಿ ಹೇಳುವಾಗ ದೂರಿನ ದನಿ ಇರಲಿಲ್ಲ, ಆಶ್ಚರ್ಯ ಇತ್ತು: "ಒಳಗೇನೂ ಕಾಣಲ್ಲ ಟೀಚರ್, ನಾನೇ ಕಾಣ್ತೀನಿ." ಅವರನ್ನು ಯಾರೂ ನಗಲಿಲ್ಲ. ಮಯಸಭೆಯಲ್ಲಿ ದುರ್ಯೋಧನನಿಗೆ ಕಡೇಪಕ್ಷ ಒಳಗೆ ಬರೋದಕ್ಕೆ ಬಿಟ್ಟಿದ್ದರು, ಬಿದ್ದಾಗ ಒಣಬಟ್ಟೆಯನ್ನೂ ಕೊಟ್ಟರು ಅಂತ ಕಥೆ ಹೇಳ್ತದೆ. ಇಲ್ಲಿ ನಗೋದಕ್ಕೂ ಯಾರೂ ಹೊರಗೆ ಬರೋದಿಲ್ಲ. ನಿಮ್ಮದೇ ಮುಖವನ್ನು ಬಾಗಿಲಿಗೆ ನಿಲ್ಲಿಸಿ ನಿಮ್ಮನ್ನು ಕಾಯಿಸೋ ಕೆಲಸವನ್ನು ಗಾಜೇ ಮಾಡ್ತದೆ.

ಇದನ್ನು ವಾಸ್ತುಶಿಲ್ಪದ ದೋಷ ಅನ್ನಬೇಕೋ, ಗೇಟಿನ ದೋಷ ಅನ್ನಬೇಕೋ? ಕಟ್ಟಡದ ವಿಮರ್ಶೆಯಲ್ಲಿ ಗೇಟಿನವರನ್ನು ಯಾಕೆ ತರ್ತೀರಿ ಅಂತ ಆಕ್ಷೇಪ ಬರಬಹುದು. ಕಾವಲಿಲ್ಲದ ಕೆಂಪುಕೋಟೆಯೂ ಇರಲಿಲ್ಲ, ಅಲ್ಲಿಯೂ ಎಲ್ಲರಿಗೂ ಪ್ರವೇಶ ಇರಲಿಲ್ಲ, ನಿಜ. ಆದರೆ ಕೆಂಪುಕಲ್ಲಿನ ಗೋಡೆ ತಾನು ಗೋಡೆ ಅಂತಲೇ ಹೇಳ್ತದೆ. ಗಾಜು ನಾನು ಗೋಡೆಯಲ್ಲ, ತೆರೆದಿದ್ದೀನಿ ಅಂತ ಹೇಳಿ ಗೋಡೆಯ ಕೆಲಸ ಮಾಡ್ತದೆ. ಸುಲೈಮಾನರು ಇದು ಗಾಜು ಅಂತ ಬಾಯಿಬಿಟ್ಟು ಹೇಳಿದ್ದರಲ್ಲ, ಆ ಒಂದು ಮಾತು ಇಲ್ಲಿಲ್ಲ.

ನೀವು ಹೋದರೆ ಹಗಲು ಬಿಟ್ಟು ಸಂಜೆ ಏಳರ ಮೇಲೆ ಹೋಗಿ. ಆ ಕಟ್ಟಡಗಳ ನಡುವೆಯೇ ರ‍್ಯಾಪಿಡ್ ಮೆಟ್ರೋ ಓಡ್ತದೆ, ಎತ್ತರದ ಹಳಿಯ ಮೇಲೆ. ಹೊರಗೆ ಕತ್ತಲಾಗಿ ಒಳಗೆ ದೀಪ ಹತ್ತಿದ ಮೇಲೆ ಲೆಕ್ಕ ತಿರುಗಿರ್ತದೆ: ಈಗ ಒಳಗಿರೋರಿಗೆ ಗಾಜಿನಲ್ಲಿ ತಮ್ಮ ಮುಖ, ಹೊರಗಿರೋ ನಮಗೆ ಪೂರ್ತಿ ಆಫೀಸು. ಖಾಲಿ ಕುರ್ಚಿಗಳು, ಆರಿದ ಪರದೆಗಳು. ನಾನು ಹೋದ ದಿನ ಐದನೆಯದೋ ಆರನೆಯದೋ ಮಹಡಿಯಲ್ಲಿ ಒಬ್ಬ ಹೆಂಗಸು ಸೀರೆಯ ಮೇಲೆ ಸಮವಸ್ತ್ರದ ಅಂಗಿ ಹಾಕಿಕೊಂಡು ಒಳಗಡೆಯಿಂದ ಗಾಜು ಒರೆಸ್ತಾ ಇದ್ದಳು. ಉದ್ದ ಕೋಲಿಗೆ ಕಟ್ಟಿದ ಬಟ್ಟೆ, ಮೇಲಿಂದ ಕೆಳಗೆ, ಮೇಲಿಂದ ಕೆಳಗೆ. ಒಮ್ಮೆ ನಿಲ್ಲಿಸಿ, ಗಾಜಿಗೆ ಹತ್ತಿರ ಬಂದು, ಹಣೆಗೆ ಬಂದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಅಷ್ಟರಲ್ಲಿ ರೈಲು ಮುಂದಿನ ಸ್ಟೇಷನ್ನಿಗೆ ಬಂತು.